ಓದೋಳ ಹಿಡಿ

ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ನನ್ನ ಹೆಸರು ಗೊತ್ತಿದ್ದವನು ಪಡಿತರ ಅಂಗಡಿಯವನೊಬ್ಬನೇ ಇರಬೇಕು. ಉಳಿದವರಿಗೆಲ್ಲ ನಾನು ‘ಓದೋಳು’. ‘ಓದೋಳು ಬಂದ್ಲಾ?’, ‘ಓದೋಳಿಗೆ ಒಂಚೂರು ಜಾಗ ಬುಡ್ರೇ’, ‘ಓದೋಳ ಗಂಡ ಪೇಟೆಗೋದ್ನಾ?’ ಹೀಗೆ. ಮದುವೆಯಾಗಿ ಬಂದಾಗ ಆ ಬೀದಿಯ ಸೊಸೆಯರಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದವಳು ನಾನೊಬ್ಬಳೇ. ಆ ಜಂಬ ನನಗೆ ಇತ್ತು, ಈಗಲೂ ಇದೆ. ಇಲ್ಲ ಅಂತ ಯಾಕೆ ಸುಳ್ಳು ಹೇಳಲಿ.

ತೊಂಬತ್ತರ ದಶಕದಲ್ಲಿ ನಮ್ಮ ಮನೆಯ ಜಗುಲಿಯ ಮೇಲೆ ಊಟವಾದ ಮೇಲೆ ಆರು ಹೆಂಗಸರು ಕೂತು ಊದುಬತ್ತಿ ಹೊಸೆಯುತ್ತಿದ್ದರು. ಇದ್ದಿಲು ಪುಡಿಗೆ ಜಿಗಟು ಪುಡಿ ಬೆರೆಸಿ ಕಲಸಿದ ಕರಿ ಹಿಟ್ಟು, ಬಿದಿರು ಕಡ್ಡಿ, ಮುಂದೊಂದು ಮಣೆ. ಹಿಟ್ಟನ್ನು ಚಿವುಟಿ ಕಡ್ಡಿಗೆ ಹಚ್ಚಿ ಅಂಗೈಯಿಂದ ಒಂದೇ ಸಲ ಉರುಳಿಸಿದರೆ ಬತ್ತಿ. ಅದಕ್ಕೆ ಪರಿಮಳ ಗಿರಿಮಳ ಏನೂ ಇರುತ್ತಿರಲಿಲ್ಲ. ಮೇಸ್ತ್ರಿ ವಾರಕ್ಕೊಮ್ಮೆ ಬಂದು ಕಟ್ಟು ತೆಗೆದುಕೊಂಡು ಹೋದ ಮೇಲೆ ಎಲ್ಲೋ ಕಾರ್ಖಾನೆಯಲ್ಲಿ ಅದನ್ನು ಅತ್ತರಿಗೆ ಅದ್ದುತ್ತಿದ್ದರು. ನಮ್ಮ ಪಾಲಿಗೆ ಬರುತ್ತಿದ್ದದ್ದು ಮಸಿ ಮಾತ್ರ.

ಆ ಜಗುಲಿಯ ಯಜಮಾನಿ ನಮ್ಮತ್ತೆ. ಅಕ್ಷರ ಬಾರದು, ಕಥೆ ಎಂದರೆ ಪ್ರಾಣ. ನಾನು ಬಂದ ವಾರಕ್ಕೇ ಒಂದು ವಾರಪತ್ರಿಕೆಯನ್ನು ನನ್ನ ತೊಡೆಯ ಮೇಲೆ ಹಾಕಿ, “ಓದಮ್ಮ, ಅದೇನು ಕಲ್ತಿದೀಯೋ ನೋಡವ” ಎಂದರು. ಓದಿದೆ. ಧಾರಾವಾಹಿಯ ಒಂದು ಕಂತು. ಮುಗಿದಾಗ ಆರೂ ಮಣೆಗಳ ಮೇಲೆ ಕೈ ನಿಂತಿತ್ತು. “ಆಮೇಲೆ?” ಎಂದರು ಅತ್ತೆ. ಆಮೇಲಿನದು ಮುಂದಿನ ವಾರ ಎಂದೆ. “ಥೂ, ಇದೆಂಥ ಅನ್ಯಾಯ! ಪೂರ್ತಿ ಇರೋ ಪುಸ್ತಕ ತತ್ತಾ” ಎಂದರು.

ಅಲ್ಲಿಂದ ಶುರುವಾಯಿತು. ಜಯಲಕ್ಷ್ಮಿಪುರಂನಲ್ಲಿ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಸಣ್ಣ ಲೈಬ್ರರಿ ಇತ್ತು. ವಾರಕ್ಕೆರಡು ಸಲ ನಡೆದುಕೊಂಡು ಹೋಗಿ ತರುತ್ತಿದ್ದೆ. ಆದರೆ ಓದುವವಳ ಕೈ ಹಿಟ್ಟು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಪುಟವೆಲ್ಲ ಮಸಿ. ಹಾಗಂತ ಓದುವವಳ ಕೆಲಸ ನಿಲ್ಲಬಾರದಲ್ಲ? ಅದಕ್ಕೆ ಅತ್ತೆ ಒಂದು ಕಟ್ಟಳೆ ಮಾಡಿದರು. ಆವತ್ತಿನ ಓದು ಮುಗಿದ ಮೇಲೆ ಪ್ರತಿಯೊಬ್ಬಳೂ ತಾನು ಒಣಗಿಸಿಟ್ಟ ಬತ್ತಿಯಲ್ಲಿ ಒಂದು ಹಿಡಿ ತೆಗೆದು ನನ್ನ ಮೊರಕ್ಕೆ ಹಾಕಬೇಕು. ಅದಕ್ಕೆ ಬೀದಿಯಲ್ಲಿ ‘ಓದೋಳ ಹಿಡಿ’ ಎಂದೇ ಹೆಸರಾಯಿತು. ಮೊದಲ ಹಿಡಿ ಯಾವಾಗಲೂ ಅತ್ತೆಯದೇ. ಅವರ ಬತ್ತಿ ಒಂದೊಂದೂ ನೂಲು ಹಿಡಿದಂತೆ ನೆಟ್ಟಗಿರುತ್ತಿತ್ತು. ಕಣ್ಣು ಮುಚ್ಚಿಕೊಂಡು ಹೊಸೆದರೂ ಹಾಗೇ ಬರುತ್ತಿತ್ತು.

ಕೇಳಿ, ಇದರಲ್ಲೊಂದು ಸೂಕ್ಷ್ಮವಿದೆ. ಹೊಸೆಯುವುದಕ್ಕೆ ಕೈ ಬೇಕು, ಕಣ್ಣು ಬೇಕು. ಕಿವಿ ಖಾಲಿ ಕೂತಿರುತ್ತದೆ. ನಾನು ಆ ಕಿವಿಗೆ ಓದುತ್ತಿದ್ದೆ. ಹದಿನಾಲ್ಕು ಹದಿನೈದು ವರ್ಷ ಓದಿದೆ. ಆರನೇ ಕ್ಲಾಸು ಕಾಣದ ಹೆಂಗಸರು ಕಾದಂಬರಿಯ ನಾಯಕಿಯನ್ನು ನಮ್ಮ ಬೀದಿಯ ಸೊಸೆಯ ಹಾಗೆ ಬೈದು ಬುದ್ಧಿ ಹೇಳುತ್ತಿದ್ದರು. ಮೂಲೆಮನೆಯಾಕೆಯಂತೂ ಕಡಲೆಕಾಯಿ ಪೊಟ್ಟಣದ ಕಾಗದವನ್ನೂ ಬಿಚ್ಚಿ ನನ್ನ ಮುಂದೆ ಹಿಡಿದು, “ಇದ್ರಾಗೇನೈತೆ, ಏಳು” ಎನ್ನುತ್ತಿದ್ದಳು. ಟಿವಿ ಬಂದಾಗಲೂ ಜಗುಲಿ ಅಲ್ಲಾಡಲಿಲ್ಲ. ಟಿವಿ ಗೂಟಕ್ಕೆ ಕಟ್ಟಿದ ಹಸು, ಹಗ್ಗ ಎಷ್ಟುದ್ದವೋ ಅಷ್ಟೇ. ಅದು ನಡುಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ಹೊರಗೆ ಬಂದದ್ದು ಮೊಬೈಲು. ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿತ್ತು. ಮೂಲೆಮನೆಯಾಕೆಯ ಗಂಡ ಆಟೋ ಓಡಿಸುತ್ತಿದ್ದ. ಅವನೊಂದು ಚೈನಾ ಸೆಟ್ಟು ತಂದ. ಅಂಗೈಯಗಲದ ಪರದೆ, ಹಿಂದೆ ನಾಲ್ಕು ಸ್ಪೀಕರು. ಒಳಗೆ ಉಗುರಿನಷ್ಟು ಒಂದು ಚಿಪ್ಪು. ಆ ಚಿಪ್ಪನ್ನು ಅಂಗಡಿಗೆ ಕೊಟ್ಟರೆ ಸಿನಿಮಾ ತುಂಡು, ಕಾಮಿಡಿ ತುಂಡು, ಕುಣಿತ, ಜಾರಿ ಬೀಳುವವರು, ಹಾರುವ ಬೆಕ್ಕು, ಎಲ್ಲ ತುಂಬಿ ಕೊಡುತ್ತಿದ್ದರು. ಮಧ್ಯಾಹ್ನ ಗಂಡ ಮಲಗಿದಾಗ ಈಕೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜಗುಲಿಗೆ ತಂದಳು.

ಆವತ್ತು ನಾನು ಒಂದು ದಪ್ಪ ಕಾದಂಬರಿಯ ಕೊನೆಗೆ ಬಂದಿದ್ದೆ. ನಲವತ್ತು ಪುಟ ಉಳಿದಿತ್ತು. ಕಥೆಯ ಹುಡುಗಿ ಗಂಡನ ಮನೆಯಲ್ಲಿ ಪಡಬಾರದ್ದು ಪಟ್ಟು, ಟೈಪಿಂಗ್ ಕಲಿತು, ಪರವೂರಲ್ಲಿ ಕೆಲಸ ಸಿಕ್ಕಿ, ಒಂದು ಟ್ರಂಕು ಹಿಡಿದು ರೈಲ್ವೆ ಸ್ಟೇಷನ್ನಿಗೆ ಬಂದು ನಿಂತಿದ್ದಳು. ರೈಲು ಬಂದಿತ್ತು. ಅತ್ತ ಗೇಟಿನ ಹತ್ತಿರ ಗಂಡ ಓಡಿ ಬರುತ್ತಿದ್ದ, ಅಳುತ್ತಿದ್ದ. ಅಲ್ಲಿಗೆ ಅಧ್ಯಾಯ ಮುಗಿದಿತ್ತು. “ಹತ್ತೇ, ಹತ್ತೇ ಮುಂಡೇದೆ!” ಎಂದು ಅತ್ತೆ ಮಣೆ ಕುಟ್ಟಿದರು. ನಾನು ನೀರು ಕುಡಿದು ಬರುತ್ತೇನೆಂದು ಒಳಗೆ ಹೋದೆ. ಹೊರಗೆ ಬಂದು ನೋಡಿದರೆ ಆರೂ ತಲೆ ಒಂದು ಕಡೆ ಸೇರಿಬಿಟ್ಟಿದ್ದವು. ನಡುವೆ ಆ ಸೆಟ್ಟು ಕಿರುಚುತ್ತಿತ್ತು. ಒಬ್ಬ ಗಂಡಸು ಸಗಣಿ ಮೇಲೆ ಜಾರಿ ಬೀಳುತ್ತಿದ್ದ. ಬಿದ್ದ. ಮತ್ತೆ ಹಾಕಿದರು. ಮತ್ತೆ ಬಿದ್ದ. ಇವರು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

“ಓದ್ಲಾ?” ಎಂದೆ.

“ಒಂದ್ ನಿಮಿಸ ಇರಕ್ಕ, ಇನ್ನೊಂದೈತೆ” ಎಂದಳು ಮೂಲೆಮನೆಯಾಕೆ.

ಆ ಒಂದು ನಿಮಿಷ ಇವತ್ತಿನವರೆಗೂ ಮುಗಿದಿಲ್ಲ ಅನ್ನಿ. ಮರುದಿನವೂ ಅದೇ, ಆಚೆ ವಾರವೂ ಅದೇ. ಮೊದಲಿಲ್ಲ, ಕೊನೆಯಿಲ್ಲ, ಯಾರು, ಎತ್ತ ಎಂಬುದಿಲ್ಲ. ಅರೆದ ಚಟ್ನಿಯನ್ನೇ ಊಟ ಅಂದುಕೊಂಡು ಬೆರಳು ನೆಕ್ಕುವ ಜನ. ನಲ್ಲಿಯ ಕ್ಯೂನಲ್ಲಿ ಕೊಡ ಬಿಟ್ಟು ಅದನ್ನು ನೋಡಿದರು. ದೇವಸ್ಥಾನದ ಮೆಟ್ಟಿಲ ಮೇಲೆ ನೋಡಿದರು. ಸಿಟಿ ಬಸ್ಸಿನಲ್ಲಿ ಮೊದಲೆಲ್ಲ ಯಾರಾದರೂ ಪೇಪರು ಬಿಡಿಸಿದರೆ ಪಕ್ಕದವರು ಒಂದು ಹಾಳೆ ಕೇಳಿ ಪಡೆಯುತ್ತಿದ್ದರು. ಈಗ ಪಕ್ಕದವನ ಪರದೆಗೆ ಕೊಕ್ಕರೆಯ ಹಾಗೆ ಕತ್ತು ಚಾಚಿ ಕೂತಿರುತ್ತಿದ್ದರು. ಜಯಲಕ್ಷ್ಮಿಪುರಂನ ಓದಿದ ಮಂದಿಯಾದರೂ ನೆಟ್ಟಗಿದ್ದಾರೆಯೇ ಎಂದರೆ ಅದೂ ಇಲ್ಲ. ಅಲ್ಲಿಯ ಡಾಕ್ಟರ ಶಾಪಿನ ಬೆಂಚಿನ ಮೇಲಿದ್ದ ವಾರಪತ್ರಿಕೆಗಳ ಮೇಲೆ ಧೂಳು ಕೂತಿತ್ತು. ಪ್ಯಾಂಟು ಷರ್ಟಿನ ಯಜಮಾನರೊಬ್ಬರು ಅದೇ ಪತ್ರಿಕೆಯನ್ನು ಮೊಬೈಲಿನ ಕೆಳಗೆ ಒತ್ತಾಗಿ ಇಟ್ಟುಕೊಂಡು ಕುಣಿತ ನೋಡುತ್ತಿದ್ದರು. ನನಗೆ ಅಸಹ್ಯವಾಯಿತು. ಅವರಿಗೆ ಕೇಳುವ ಹಾಗೆಯೇ ಅಂದೆ, “ಅಕ್ಷರ ಕಲ್ತಿದ್ದು ದಂಡವಾಯ್ತು.” ಅವರು ತಲೆ ಎತ್ತಲಿಲ್ಲ.

ಇಷ್ಟಾಗಿಯೂ ನನ್ನ ಹೊಟ್ಟೆ ಉರಿದದ್ದು ಇವರ್ಯಾರನ್ನೂ ಕಂಡಲ್ಲ, ಅತ್ತೆಯನ್ನು ಕಂಡು. ಮಿಕ್ಕವರು ಹೇಗಾದರೂ ಹಾಳಾಗಲಿ. ಹದಿನೈದು ವರ್ಷ “ಆಮೇಲೆ?” ಎಂದು ನನ್ನ ಜೀವ ತಿಂದವರು, ಸಂಕ್ರಾಂತಿ ದಿನವೂ ಅರ್ಧ ಅಧ್ಯಾಯ ಓದಿಸದೆ ಬಿಡದವರು, ಎಲ್ಲರಿಗಿಂತ ಮುಂದೆ ಕೂತು ಆ ಸೆಟ್ಟನ್ನೇ ದಿಟ್ಟಿಸುತ್ತಿದ್ದರು. ಬಾಯಿ ಸ್ವಲ್ಪ ತೆರೆದಿರುತ್ತಿತ್ತು. ಕೈ ಮಾತ್ರ ತನ್ನ ಪಾಡಿಗೆ ಬತ್ತಿ ಹೊಸೆಯುತ್ತಿತ್ತು.

ನಾಲ್ಕು ದಿನ ಕಳೆದ ಮೇಲೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಬಂದು ಕೇಳಿದರು. “ಅಲ್ಲ ಕಣಮ್ಮ, ಆ ಹುಡುಗಿ ರೈಲು ಹತ್ತಿದ್ಲಾ?”

ಬಕೆಟ್ಟಿನ ಕಡೆಗೇ ಮುಖ ಮಾಡಿಕೊಂಡು, “ನಿಮ್ಮ ಚೈನಾ ಸೆಟ್ಟನ್ನೇ ಕೇಳಿ, ಅದೇ ಹೇಳುತ್ತೆ” ಎಂದೆ. ತಿರುಗಿ ನೋಡಿದರೆ ಅವರು ನಕ್ಕರು. ತಲೆ ಆಡಿಸಿ ಒಳಗೆ ಹೋದರು. ನನ್ನ ಮಾತಿಗೆ ನಗುತ್ತಾರಲ್ಲ, ಎಷ್ಟು ಧೈರ್ಯ ಎಂದು ಅವತ್ತಿನಿಂದ ಅವರೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ. ಪುಸ್ತಕವನ್ನು ಲೈಬ್ರರಿಗೆ ಕೊಟ್ಟು ಬಂದೆ. ಬೇರೆ ತರಲಿಲ್ಲ. ನಾನೂ ಒಂದು ಮಣೆ ಎಳೆದುಕೊಂಡು ಎಲ್ಲರಿಗೆ ಬೆನ್ನು ಹಾಕಿ ಕೂತು ಬತ್ತಿ ಹೊಸೆಯತೊಡಗಿದೆ. ಅತ್ತೆ ಆಗಲೂ ಸಾಯಂಕಾಲ ಒಂದು ಹಿಡಿ ತಂದು ನನ್ನ ಮೊರಕ್ಕೆ ಹಾಕುತ್ತಿದ್ದರು. ಅಭ್ಯಾಸಬಲ ಎಂದುಕೊಂಡೆ. ಅಷ್ಟನ್ನೂ ಎತ್ತಿ ಅವರ ಮೊರಕ್ಕೇ ವಾಪಸ್ಸು ಸುರಿಯುತ್ತಿದ್ದೆ. ಮರುದಿನ ಅವರು ಮತ್ತೆ ಹಾಕುತ್ತಿದ್ದರು.

ದೇವರು ಇದ್ದಾನೆ ಅನ್ನಿಸುವ ಹಾಗೆ ಒಂದು ದಿನ ಮೇಸ್ತ್ರಿ ಕಟ್ಟುಗಳನ್ನು ಜಗುಲಿಯ ಮೇಲೆ ಎಸೆದ. ಬತ್ತಿಯೆಲ್ಲ ವಕ್ರ. ಒಂದು ಕಡೆ ದಪ್ಪ, ಒಂದು ಕಡೆ ಕಡ್ಡಿ ಬರಿದು. “ಏನ್ರವ್ವ ಇದು? ಕುರುಡ್ರು ಉಜ್ಜಿದಂಗದೆ!” ಎಂದ. ಮೂಲೆಮನೆಯಾಕೆ ಹಿಟ್ಟು ಸರಿಯಿಲ್ಲ ಎಂದಳು. ನಲ್ಲಿಮನೆಯಾಕೆ ಮೋಡ ಇತ್ತು, ಒಣಗಲಿಲ್ಲ ಎಂದಳು. ನಾನು ಬಾಯಿ ಬಿಟ್ಟೆ. “ಹಿಟ್ಟಿಗೇನೂ ಆಗಿಲ್ಲ. ಕಿವಿಗೆ ಹಾಕಬೇಕಾದ್ದನ್ನ ಕಣ್ಣಿಗೆ ಹಾಕ್ಕೊಂಡ್ರೆ ಇನ್ನೇನಾಗುತ್ತೆ? ನಾನು ಓದ್ತಿದ್ದಾಗ ಒಂದು ಬತ್ತಿ ವಾಪಸ್ ಬಂದಿತ್ತೇನ್ರೇ?” ಎಷ್ಟೋ ದಿನದ ಮೇಲೆ ಅವತ್ತು ನನಗೆ ಊಟ ರುಚಿಸಿತು. ಅತ್ತೆಯ ಕಟ್ಟು ಮಾತ್ರ ವಾಪಸ್ಸು ಬಂದಿರಲಿಲ್ಲ. ಅದನ್ನು ನಾನು ಗಮನಿಸಿದೆ. ಹೊಗಳುವ ಮನಸ್ಸಿರಲಿಲ್ಲ.

ಬೈಸಿಕೊಂಡರೂ ಇವರಿಗೆ ಬುದ್ಧಿ ಬರಲಿಲ್ಲ. ಮೇಸ್ತ್ರಿ ಅತ್ತ ಹೋದ ಮೇಲೆ ಸೆಟ್ಟು ಇತ್ತ ಹೊರಗೆ ಬಂತು. ಹೀಗೇ ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ನಲ್ಲಿಮನೆಯಾಕೆ ಬಾಣಂತನಕ್ಕೆ ಬಂದ ಮಗಳ ಕೂಸನ್ನು ಜೊತೆಗೆ ತಂದಿದ್ದಳು. ಜಗುಲಿಯ ತೊಲೆಗೆ ಸೀರೆ ಕಟ್ಟಿ ತೂಗಿ ಮಲಗಿಸಿದಳು. “ಆ ಸವುಂಡು ನಿಲ್ಸೇ, ಮಗ ಎದ್ಬುಡ್ತದೆ” ಎಂದಳು. ಮೂಲೆಮನೆಯಾಕೆ ಸದ್ದನ್ನು ಪೂರ್ತಿ ಅಡಗಿಸಿದಳು. ಪರದೆಯ ಮೇಲೆ ಜನ ಕೈ ಬಾಯಿ ಆಡಿಸುತ್ತಿದ್ದರು, ಮಾತಿಲ್ಲ, ಹಾಡಿಲ್ಲ. ಐದು ನಿಮಿಷಕ್ಕೆ ಎಲ್ಲರಿಗೂ ಬೇಸರವಾಯಿತು. “ಸವುಂಡ್ ಇಲ್ದೆ ಏನ್ ನೋಡಾದು, ಮೂಕರ ಸಂತೆ” ಎನ್ನುತ್ತ ಒಬ್ಬೊಬ್ಬರೇ ತಮ್ಮ ಮಣೆಗೆ ಮರಳಿದರು.

ಅತ್ತೆ ಕದಲಲಿಲ್ಲ. ಎಂದಿನಂತೆಯೇ ನೋಡುತ್ತಿದ್ದರು. ಯಾರೋ ಬಿದ್ದಾಗ ಎಂದಿನಂತೆಯೇ ನಕ್ಕರು. ಆಮೇಲೆ ಅತ್ತಿತ್ತ ನೋಡಿ, “ಯಾಕ್ರೇ ಎದ್ಬುಟ್ರಿ? ಇನ್ನೂ ಮುಗ್ದಿಲ್ವಲ್ಲ!” ಎಂದರು. ಜೋರಾಗಿ ಅಂದರು. ಕೂಸು ಬೆಚ್ಚಿ ಎದ್ದು ಅಳತೊಡಗಿತು. ಅವರು ಮತ್ತೆ ಪರದೆಯ ಕಡೆ ತಿರುಗಿದರು. ಅವರಿಂದ ಎರಡು ಮೊಳ ದೂರದಲ್ಲಿ ಕೂಸು ಕಿರುಚುತ್ತಿತ್ತು. ತಿರುಗಿ ನೋಡಲಿಲ್ಲ.

ನಾನು ಅವರ ಬೆನ್ನ ಹಿಂದೆ ಹೋಗಿ ನಿಂತು “ಅತ್ತೆ” ಎಂದೆ. ಇನ್ನೊಂದು ಸಲ ಗಟ್ಟಿಯಾಗಿ “ಅತ್ತೇ” ಎಂದೆ. ಬೀದಿಯವರೆಲ್ಲ ನನ್ನನ್ನು ನೋಡಿದರು, ಅವರೊಬ್ಬರನ್ನು ಬಿಟ್ಟು.

ಆಗ ಒಂದೊಂದೇ ನೆನಪಾಯಿತು. ಕೊನೆಯ ಎರಡು ವರ್ಷ, “ಪಕ್ಕದಾಗೆ ಬ್ಯಾಡ, ನನ್ನ ಎದುರ್ಗೆ ಕೂತ್ಕೊಂಡು ಓದು” ಎಂದು ಹಠ ಮಾಡುತ್ತಿದ್ದದ್ದು. “ಬಾಯಿ ಬುಟ್ಟು ಓದು, ಅದೇನು ಗೊಣಗ್ತೀಯ” ಎಂದು ಎಲ್ಲರ ಮುಂದೆ ಗದರುತ್ತಿದ್ದದ್ದು. ಯಜಮಾನಿಕೆಯ ದರ್ಪ ಎಂದು ನಾನು ಮೂಗು ಮುರಿದಿದ್ದೆ. ಹಿತ್ತಲಲ್ಲಿ ಬಕೆಟ್ಟಿಗೆ ಮುಖ ಮಾಡಿ ನಾನು ಆಡಿದ ಮಾತಿಗೆ ನಕ್ಕದ್ದೂ ನೆನಪಾಯಿತು. ಕೇಳಿಸದವರು ಇನ್ನೇನು ಮಾಡುತ್ತಾರೆ, ನಗುತ್ತಾರೆ. ಕಿವಿ ಹೋಗಿದೆ ಎಂದು ಹೇಳಿಕೊಳ್ಳಲು ನಾಚಿಕೆ, ಹೆದರಿಕೆ. ಜಗುಲಿಯಲ್ಲಿ ತನ್ನ ಜಾಗ ಹೋದೀತು ಎಂದೋ ಏನೋ. ಆ ಹಾಳು ಸೆಟ್ಟಿನ ಮುಂದೆ ಅವರೂ ಉಳಿದವರೂ ಸಮ. ಅಲ್ಲಿ ಕಣ್ಣಿದ್ದರೆ ಸಾಕಿತ್ತು.

ಮುಂದೆ ಹೋಗಿ ಅವರ ಎದುರಿಗೆ ಕೂತೆ. ಬೆರಳಿನಿಂದ ನನ್ನ ಕಿವಿ ತೋರಿಸಿ, ಕೈ ತಿರುಗಿಸಿ, ಕೇಳಿಸಲ್ವಾ ಎಂದು ಸನ್ನೆ ಮಾಡಿದೆ. ಅವರು ಸುತ್ತ ನೋಡಿದರು, ಮಿಕ್ಕವರು ಕೂಸಿನ ಗಲಾಟೆಯಲ್ಲಿದ್ದರು. ಮಸಿ ಕೈಯಲ್ಲೇ ನನ್ನ ಮೊಣಕಾಲು ಹಿಡಿದು ಮೆಲ್ಲಗೆ ಮಾತಾಡುತ್ತಿದ್ದೇನೆ ಎಂದುಕೊಂಡು ಜೋರಾಗಿ ಕೇಳಿದರು. “ಅದೆಲ್ಲ ಇರ್ಲಿ ಬುಡು. ಆ ಹುಡುಗಿ ರೈಲು ಹತ್ತಿದ್ಲಾ? ಅದೊಂದು ಏಳ್ಬುಡಮ್ಮ. ಎಂಟು ತಿಂಗ್ಳಿಂದ ಅವ್ಳು ಅಲ್ಲೇ ನಿಂತವ್ಳೆ.”

ಬಾಯಿ ತೆರೆದೆ. ನನಗೆ ಗೊತ್ತಿರಲಿಲ್ಲ.

ನಾನು ಆ ನಲವತ್ತು ಪುಟ ಓದಿರಲಿಲ್ಲ. ಕೇಳುವವರಿಲ್ಲದ ಮೇಲೆ ನನಗೇಕೆ ಎಂದು ಹಾಗೇ ವಾಪಸ್ಸು ಕೊಟ್ಟಿದ್ದೆ. ಅದನ್ನೊಂದೇ ಅಲ್ಲ, ಆ ಎಂಟು ತಿಂಗಳಲ್ಲಿ ನಾನು ಒಂದು ಪುಟವನ್ನೂ ಓದಿರಲಿಲ್ಲ. ಅವರು ಸೆಟ್ಟು ನೋಡಿದರೆ ನಾನು ಅವರನ್ನು ನೋಡುತ್ತಿದ್ದೆ. ಬೆನ್ನು ಹಾಕಿ ಕೂತೇ ಓರೆಗಣ್ಣಿನಲ್ಲಿ, ಯಾರು ಯಾವಾಗ ನಕ್ಕರು, ಯಾರ ಬತ್ತಿ ವಕ್ರ ಎಂದು ಲೆಕ್ಕವಿಟ್ಟುಕೊಂಡು ಮನಸ್ಸಿನಲ್ಲೇ ಉಗಿಯುತ್ತಿದ್ದೆ. ಅದೇ ನನ್ನ ಮಧ್ಯಾಹ್ನದ ಕಾಲಕ್ಷೇಪವಾಗಿತ್ತು. ಹೆಸರು ಮಾತ್ರ ಓದೋಳು.

ನಾಳೆ ಎಂದು ಕೈಸನ್ನೆ ಮಾಡಿದೆ. ಬೆಳಿಗ್ಗೆ ಎದ್ದು ಜಯಲಕ್ಷ್ಮಿಪುರಂಗೆ ದಾಪುಗಾಲು ಹಾಕಿಕೊಂಡು ಹೋದೆ. ಲೈಬ್ರರಿಯ ಅರ್ಧ ಗೋಡೆ ಬರಿದಾಗಿತ್ತು. ಕಪಾಟಿದ್ದ ಕಡೆ ಒಂದು ಕಂಪ್ಯೂಟರು, ಬಾಗಿಲಿಗೆ ‘ಇಲ್ಲಿ ಮೊಬೈಲಿಗೆ ಹಾಡು, ವಿಡಿಯೋ ಹಾಕಿಕೊಡಲಾಗುವುದು’ ಎಂಬ ಚೀಟಿ. ಪುಸ್ತಕಕ್ಕೆ ಮಸಿ ಹತ್ತಿದೆ ಎಂದು ಹಿಂದೆ ನನ್ನನ್ನು ಗಂಟೆಗಟ್ಟಲೆ ಬೈದಿದ್ದ ಕನ್ನಡಕದ ಯಜಮಾನರು ಕಿವಿಗೆ ವೈರು ಸಿಕ್ಕಿಸಿಕೊಂಡು ಪರದೆ ನೋಡುತ್ತಿದ್ದರು. ನನ್ನನ್ನು ಕಂಡು ಒಂದು ಬೆರಳೆತ್ತಿದರು. ಒಂದು ನಿಮಿಷವಂತೆ.

ಪುಸ್ತಕದ ಗುರುತು ಹೇಳಿದೆ. “ಹಳೇ ಕಾದಂಬರಿಯೆಲ್ಲ ತೂಕಕ್ಕೆ ಹಾಕ್ಬಿಟ್ಟೆ ತಾಯಿ” ಎಂದರು.

“ನಾಚಿಕೆ ಆಗಲ್ವೇನ್ರೀ ನಿಮಗೆ?”

“ನೀವೇ ಬಂದು ಎಷ್ಟು ತಿಂಗಳಾಯ್ತು, ಹೇಳಿ?” ಎಂದರು. ಅದರಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ಕೇಳಿದರು.

ಹೋಗಲಿ, ಕಥೆ ಆದರೂ ನೆನಪಿದೆಯೇ, ಕೊನೆಗೆ ಆ ಹುಡುಗಿ ರೈಲು ಹತ್ತುತ್ತಾಳೆಯೇ ಎಂದು ಕೇಳಿದೆ. “ನಾನು ಬಾಡಿಗೆಗೆ ಕೊಡೋನು ತಾಯಿ, ಓದೋನಲ್ಲ” ಎಂದು ಕಿವಿಗೆ ವೈರು ಸಿಕ್ಕಿಸಿಕೊಂಡರು. ಇಷ್ಟು ವರ್ಷ ಈ ಮನುಷ್ಯನಿಗೆ ನಾನು ಕೈ ಮುಗಿದು ಒಳಗೆ ಕಾಲಿಡುತ್ತಿದ್ದೆ. ಥೂ ಎಂದು ಮೆಟ್ಟಿಲಿಳಿದೆ. ಆ ಥೂ ಅರ್ಧ ಅವರಿಗೆ, ಅರ್ಧ ನನಗೆ.

ಮನೆಗೆ ಬಂದಾಗ ಜಗುಲಿಯಲ್ಲಿ ಅತ್ತೆ ಒಬ್ಬರೇ ಇದ್ದರು. ಉಳಿದವರು ಇನ್ನೂ ಬಂದಿರಲಿಲ್ಲ. ನನ್ನ ಬರಿಗೈಯನ್ನು ನೋಡಿದರು, ಆಮೇಲೆ ಮುಖ ನೋಡಿದರು. ಹೊಸೆಯುವ ಕೈ ನಿಂತಿತು.

“ಹತ್ತಿದ್ಲಾ?”

ಹೌದು ಎಂದು ತಲೆ ಆಡಿಸಿದೆ.

“ಗಂಡ ಅಳ್ತಾ ನಿಂತಿದ್ರೂನೂವೆ?”

ಅದಕ್ಕೂ ಆಡಿಸಿದೆ.

“ನಂಗೊತ್ತಿತ್ತು ಕಣಮ್ಮ” ಎಂದರು. ಮುಖವೆಲ್ಲ ಅರಳಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೆನ್ನೆಗೆಲ್ಲ ಮಸಿ ಮಾಡಿಕೊಂಡು, ಒಣಗಿದ ಬತ್ತಿಯಲ್ಲಿ ಒಂದು ಹಿಡಿ ತೆಗೆದರು. ನನ್ನ ಮೊರವನ್ನು ಹತ್ತಿರ ಎಳೆದು ಅದರಲ್ಲಿ ಹಾಕಿದರು. ಒಂದೊಂದೂ ನೂಲು ಹಿಡಿದಂತೆ ನೆಟ್ಟಗಿತ್ತು. ಅವತ್ತು ಅದನ್ನು ವಾಪಸ್ಸು ಸುರಿಯಲು ನನಗೆ ಮುಖವಿರಲಿಲ್ಲ. ಇಟ್ಟುಕೊಂಡೆ.